ಬಸ್ ಚಾಲಕರಿಗಾಗಿ ತೆಳು ಬಿಯರ್

ಬಾರ್ಲಿಯ ಗಂಟನ್ನು ಹಿಂಡಬೇಡಿ ಎಂದು ಪುಸ್ತಕದಲ್ಲಿ ದಪ್ಪ ಅಕ್ಷರಗಳಲ್ಲೇ ಬರೆದಿತ್ತು. ನಾನು ಹಿಂಡಿದೆ. ಹಿಂಡದೆ ಬಿಡುವುದು ನನ್ನ ಕೈಯಲ್ಲಿ ಆಗುವ ಮಾತೇ ಅಲ್ಲ. ಕಾಯಿ ತುರಿದು, ರುಬ್ಬಿ, ಬಟ್ಟೆಯಲ್ಲಿ ಕಟ್ಟಿ, ಮೊದಲನೆಯ ಹಾಲು, ಎರಡನೆಯ ಹಾಲು, ಕೊನೆಗೆ ನೀರಿನಂಥ ಮೂರನೆಯ ಹಾಲೂ ಬರುವ ತನಕ ಆ ಗಂಟನ್ನು ಬಿಡದ ಮನೆಯಲ್ಲಿ ಬೆಳೆದವಳು ನಾನು. ರುಚಿ ಉಳಿದಿರುವ ಚರಟವನ್ನು ಎಸೆದರೆ ಮೈಸೂರಿನಲ್ಲಿ ಕೂತ ಅಮ್ಮನಿಗೆ ಹೇಗೋ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ ನನಗೆ ಈಗಲೂ ಇದೆ. ಹಾಗಾಗಿ ಬಾರ್ಲಿಯ ಗಂಟನ್ನೂ ಎರಡು ಕೈಯಲ್ಲಿ ತಿರುಚಿ, ಕೊನೆಯ ಹನಿಯವರೆಗೂ ಹಿಂಡಿದೆ. ಬಂದ ರಸ ಬಾಳೆಕಾಯಿ ಕಚ್ಚಿದ ಹಾಗೆ ಒಗರಾಗಿತ್ತು. ಅತಿ ಆಸೆ ಗತಿ ಕೇಡು. ಮೂರು ಲೀಟರ್ ರಸ ಸಿಂಕಿನ ಪಾಲಾಯಿತು.

ನಾವಿದ್ದದ್ದು ಜಪಾನಿನಲ್ಲಿ, ಟೋಕಿಯೋ ಪಕ್ಕದ ವಾಕೋದಲ್ಲಿ, ಮೂರು ಮಹಡಿಯ ಹಳೆಯದೊಂದು ಕಟ್ಟಡದ ಎರಡನೆಯ ಮಹಡಿಯಲ್ಲಿ. ನನ್ನವರಿಗೆ ಅಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ನಾನು ಆಹಾರ ರಸಾಯನಶಾಸ್ತ್ರ ಓದಿ, ಆ ಓದನ್ನು ಸೂಟ್‌ಕೇಸಿನ ತಳದಲ್ಲಿಟ್ಟುಕೊಂಡು, ಗಂಡನ ವೀಸಾದ ಬಾಲ ಹಿಡಿದು ಬಂದವಳು. ಮಗಳಿಗೆಂದು ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡುತ್ತಿದ್ದೆ. ಮೊಳಕೆ ಬಂದ ಕಾಳು ಯಾಕೆ ಸಿಹಿಯಾಗುತ್ತದೆ ಎಂದು ಒಮ್ಮೆ ಮತ್ತೆ ಓದಲು ಕೂತವಳು ಸೀದಾ ಬಿಯರ್ ಪುಸ್ತಕಕ್ಕೆ ಹೋಗಿ ಬಿದ್ದೆ. ಮೊಳೆತ ಬಾರ್ಲಿಯನ್ನು ತರಿಯಾಗಿ ಒಡೆದು ಅರವತ್ತೈದು ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಅದರ ಪಿಷ್ಟವೆಲ್ಲ ತಾನಾಗಿ ಸಕ್ಕರೆಯಾಗುತ್ತದೆ. ಇದು ಮ್ಯಾಶ್. ಆ ಮೇಲೆ ಬಿಸಿನೀರು ಹಾಕಿ, ಕಾಳಿಗೆ ಅಂಟಿಕೊಂಡ ಸಿಹಿಯನ್ನು ತೊಳೆದು ಇಳಿಸಿಕೊಳ್ಳುವುದು ಸ್ಪಾರ್ಜ್. ಹತ್ತು ವರ್ಷದಿಂದ ಒಂದು ಪಿಪೆಟ್ ಮುಟ್ಟದಿದ್ದ ನನಗೆ ಇದನ್ನು ಓದಿ ಆದ ಸಂತೋಷ ನಾಚಿಕೆಗೇಡಿನದು.

ಇದರಲ್ಲಿ ಎರಡು ತೊಡಕುಗಳಿದ್ದವು. ಜಪಾನಿನಲ್ಲಿ ಬಿಯರ್ ಮಾಡುವ ಸಾಮಾನೆಲ್ಲ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತದೆ, ಆದರೆ ಮನೆಯಲ್ಲಿ ಮಾಡಿದ್ದು ಒಂದು ಪರ್ಸೆಂಟ್ ಆಲ್ಕೋಹಾಲ್ ಮುಟ್ಟಬಾರದು. ಮುಟ್ಟಿದರೆ ಅಪರಾಧ. ಎರಡನೆಯದು, ನಾನು ಕುಡಿಯುವುದಿಲ್ಲ. ಯಾವತ್ತೂ ಕುಡಿದವಳಲ್ಲ. ಯೀಸ್ಟ್ ಹಾಕುವ ತನಕ ನಾಲಿಗೆ ನನ್ನದು, ಹಾಕಿದ ಮೇಲೆ ರುಚಿ ನೋಡುವ ಕೆಲಸ ನನ್ನವರದು. ಅವರಿಗೆ ಈ ಒಪ್ಪಂದದ ಬಗ್ಗೆ ಯಾವ ತಕರಾರೂ ಇರಲಿಲ್ಲ.

ಕೆಳಮನೆಯಲ್ಲಿ ಒಬ್ಬ ಬಸ್ ಚಾಲಕರಿದ್ದರು. ಐವತ್ತೆಂಟು ದಾಟಿದವರು, ಒಂಟಿ. ನಾನು ಅವರನ್ನು ಉನ್‌ತೆನ್‌ಶು-ಸಾನ್, ಎಂದರೆ ಡ್ರೈವರ್ ಸಾಹೇಬರೇ, ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ಓಕುಸಾನ್, ಎಂದರೆ ಅಮ್ಮಾವ್ರೇ, ಎನ್ನುತ್ತಿದ್ದರು. 2011ರ ಆ ದೊಡ್ಡ ಭೂಕಂಪದ ಮಧ್ಯಾಹ್ನ ನಾನು ಮೂರು ವರ್ಷದ ಮಗಳನ್ನು ಎತ್ತಿಕೊಂಡು ಬಾಗಿಲ ಚೌಕಟ್ಟಿನಲ್ಲಿ ಕಲ್ಲಾಗಿ ನಿಂತಿದ್ದಾಗ ಮೆಟ್ಟಿಲು ಹತ್ತಿ ಬಂದು ನನ್ನ ಕೈ ಹಿಡಿದು ಕೆಳಗಿಳಿಸಿದ್ದು ಅವರ ಹೆಂಡತಿ. ಆಗ ನನಗೆ ಜಪಾನಿ ಭಾಷೆಯ ಹತ್ತು ಪದ ಬರುತ್ತಿರಲಿಲ್ಲ. ನನ್ನವರು ಬಂದು ಮುಟ್ಟುವವರೆಗೆ ಆಕೆ ಎದುರಿನ ಪಾರ್ಕಿನಲ್ಲಿ ಮಗಳನ್ನು ತನ್ನ ಕೋಟಿನೊಳಗೆ ಸುತ್ತಿಕೊಂಡು ಕೂತಿದ್ದರು. ಅದಾಗಿ ಮೂರು ಚಳಿಗಾಲ ಕಳೆಯುವಷ್ಟರಲ್ಲಿ ಆಕೆ ತೀರಿಕೊಂಡರು. ಆ ಮನೆಗೆ ನಾನು ಏನು ಮಾಡಿದರೂ ಕಡಿಮೆಯೇ ಅನ್ನಿಸುತ್ತಿತ್ತು.

ಒಂದು ದಿನ ಕಸದ ಕಟ್ಟೆಯ ಹತ್ತಿರ ನನ್ನ ಚೀಲದಲ್ಲಿದ್ದ ಬಾರ್ಲಿ ಚರಟದ ವಾಸನೆ ಹಿಡಿದು ಅವರು ನಿಂತರು. ವಿಷಯ ತಿಳಿದು ನಕ್ಕರು. ಚಾಲಕನಾದಂದಿನಿಂದ ತಾನು ಕುಡಿಯುವುದನ್ನು ಬಿಟ್ಟೆ ಎಂದರು. ಡ್ಯೂಟಿಗೆ ಮುಂಚೆ ಡಿಪೋದಲ್ಲಿ ಒಂದು ಯಂತ್ರದೊಳಗೆ ಊದಬೇಕಂತೆ. ಸೊನ್ನೆ ಬಂದರೆ ಬಸ್ಸಿನ ಕೀಲಿ. ಬಾರದಿದ್ದರೆ ಆ ದಿನ ಬಸ್ಸೂ ಇಲ್ಲ, ಬಹುಶಃ ಮರುದಿನದಿಂದ ಕೆಲಸವೂ ಇಲ್ಲ.

"ಅಮಲು ಬೇಕು ಅಂತಲ್ಲ, ಓಕುಸಾನ್. ಮೊದಲನೇ ಗುಟುಕಿನ ಕಹಿ ಇದೆಯಲ್ಲ, ಅದೊಂದು ನೆನಪಾಗುತ್ತೆ. ಅಂಗಡೀಲಿ ಸಿಗೋ ಆಲ್ಕೋಹಾಲ್ ಇಲ್ಲದ ಬಿಯರಿಗೆ ತಗಡಿನ ರುಚಿ," ಎಂದರು.

ಅಷ್ಟು ಸಾಕಾಯಿತು ನನಗೆ. ಒಂದು ಪರ್ಸೆಂಟಿನ ಒಳಗೆ, ತಗಡಿನ ರುಚಿಯಿಲ್ಲದ ಬಿಯರ್ ಮಾಡಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಆ ಚಳಿಗಾಲದಿಂದ ಬೇಸಿಗೆಯ ತನಕ ಅಡುಗೆಮನೆಯಲ್ಲಿ ನಾನು ಮಾಡದ ಪ್ರಯೋಗವಿಲ್ಲ. ಮ್ಯಾಶ್ ಪಾತ್ರೆಯನ್ನು ಶಾಲಿನಲ್ಲಿ ಸುತ್ತಿ, ಕಾಲು ಬೆಚ್ಚಗಿಡುವ ಕೊತಾತ್ಸು ಮೇಜಿನ ಕೆಳಗೆ ತಳ್ಳಿದೆ. ಬಿಸಿ ಒಂದು ಗಂಟೆ ಚೆನ್ನಾಗಿ ನಿಂತಿತು, ನನ್ನವರು ಕಾಲು ಚಾಚಿದಾಗ ಒಂದು ಸಲ ಪಾತ್ರೆ ಮಗುಚಿತು. ಪಿಷ್ಟ ಉಳಿದಿದೆಯೇ ನೋಡಲು ಬಿಳಿ ತಟ್ಟೆಯ ಮೇಲೆ ಒಂದು ಹನಿ ರಸ, ಅದಕ್ಕೊಂದು ಹನಿ ಅಯೋಡಿನ್. ನೀಲಿಯಾದರೆ ಇನ್ನೂ ಕಾಯಬೇಕು, ಆಗದಿದ್ದರೆ ಮುಗಿಯಿತು. ಸ್ಪಾರ್ಜ್ ಮಾತ್ರ ನನ್ನ ಮಾತು ಕೇಳಲಿಲ್ಲ. ಜಾಲರಿಯಲ್ಲಿ ಸುರಿದರೆ ನೀರು ಒಂದೇ ಕಡೆ ತೂತು ಮಾಡಿಕೊಂಡು ಓಡಿಹೋಗುತ್ತಿತ್ತು. ಬಟ್ಟೆಯಲ್ಲಿ ಕಟ್ಟಿದರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಕಾಫಿ ಫಿಲ್ಟರಿಗೆ ನೀರು ಹಾಕುತ್ತಿದ್ದಾಗ ಬುದ್ಧಿ ಬಂತು. ಪುಡಿಯನ್ನು ಕಲಕಬಾರದು, ನೀರನ್ನು ಮೆಲ್ಲಗೆ ಸುತ್ತಲೂ ಬಿಡಬೇಕು, ಆಮೇಲೆ ಮುಚ್ಚಿಟ್ಟು ಬೇರೆ ಕೆಲಸ ನೋಡಬೇಕು. ಇದು ನಮ್ಮವರಿಗೆ ಯಾರೂ ಪುಸ್ತಕ ಬರೆದು ಹೇಳಬೇಕಾದ್ದಲ್ಲ. ಕೆಳಗೆ ನಲ್ಲಿಯಿದ್ದ ಪಾತ್ರೆಯೊಂದರ ತಳದಲ್ಲಿ ತೂತಿನ ಇಡ್ಲಿ ತಟ್ಟೆ ಬೋರಲು ಹಾಕಿ, ಅದರ ಮೇಲೆ ಬಾರ್ಲಿ ಹರಡಿ, ಸೌಟಿನ ಬೆನ್ನಿನ ಮೇಲಿಂದ ಬಿಸಿನೀರು ಬಿಟ್ಟೆ. ತಳದ ನಲ್ಲಿಯಿಂದ ತಿಳಿಯಾದ ರಸ ದಾರದ ಹಾಗೆ ಇಳಿಯಿತು. ಮುಂದಿನ ಭಾನುವಾರದ ಇಡ್ಲಿಗೆ ಬಿಯರಿನ ಪರಿಮಳ ಬಂತು ಎಂದು ಮನೆಯಲ್ಲಿ ಗಲಾಟೆಯಾಯಿತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಪರ್ಸೆಂಟಿನ ಒಗಟಿಗೂ ಇಲ್ಲೇ ಉತ್ತರ ಸಿಕ್ಕಿತು. ಮೊದಲ ನೀರಿನಲ್ಲಿ ಸಿಹಿ ಜಾಸ್ತಿ. ಅದನ್ನು ಬೇರೆ ಇಳಿಸಿ, ಕಾಸಿ ಪಾಕ ಮಾಡಿ ಮಗಳ ದೋಸೆಗೆ ಇಟ್ಟೆ. ಅದೇ ಕಾಳಿಗೆ ಎರಡನೆಯ ನೀರು ಹಾಕಿ ಇಳಿಸಿದ ತೆಳು ರಸ ಬಿಯರಿಗೆ. ರಸದ ಸಿಹಿ ಅಳೆಯುವ ಹೈಡ್ರೋಮೀಟರ್ ತೇಲಿಬಿಟ್ಟು ನೋಡಿದರೆ, ಯೀಸ್ಟ್ ಅದರಲ್ಲಿರುವ ಸಕ್ಕರೆಯನ್ನೆಲ್ಲ ತಿಂದು ಮುಗಿಸಿದರೂ ಒಂದು ಪರ್ಸೆಂಟ್ ಮುಟ್ಟುವುದಿಲ್ಲ ಎಂದು ಲೆಕ್ಕ ಹೇಳಿತು. ಒಂದೇ ಕಾಳು, ಎರಡು ಕೆಲಸ, ಏನೂ ಎಸೆದದ್ದಿಲ್ಲ. ಆ ದಿನ ನಾನು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಜುಲೈನಲ್ಲಿ ಚಾಲಕರಿಗೆಂದು ಮೂರು ಲೀಟರ್ ಮಾಡಲು ಕೂತೆ. ನಮ್ಮ ಒಲೆಗೆ ಎರಡೇ ಬರ್ನರ್. ಒಂದರ ಮೇಲೆ ಕಹಿಗೆಂದು ಹಾಪ್ಸ್ ಹೂ ಹಾಕಿದ ಬಿಯರಿನ ರಸ ಕುದಿಯುತ್ತಿತ್ತು, ಇನ್ನೊಂದರ ಮೇಲೆ ಹಾಗಲಕಾಯಿ ಗೊಜ್ಜು. ಮಗಳ ಶಾಲೆಯಿಂದ ಫೋನ್ ಬಂತು, ಈಜುಡುಗೆ ಮರೆತಿದ್ದಾಳೆ ಎಂದು. ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಸುಮಿಮಾಸೆನ್ ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಲೇ ಒಂದು ಅಚ್ಚು ಬೆಲ್ಲ ಹಾಕಿ, ಸೌಟಾಡಿಸಿ, ಓಡಿದೆ. ರಾತ್ರಿ ಊಟಕ್ಕೆ ಕೂತಾಗ ಗೊಜ್ಜು ಬಾಯಿಗಿಡಲು ಆಗದಷ್ಟು ಕಹಿ.

"ಬೆಲ್ಲ ಮರ್ತಿದೀಯ ಅನ್ಸತ್ತೆ," ಎಂದರು ನನ್ನವರು.

"ಒಂದು ಅಚ್ಚು ಹಾಕಿದೀನಿ. ಇಲ್ಲಿನ ಗೋಯಾನೇ ಅಷ್ಟು ಕಹಿ, ನಾನೇನ್ಮಾಡ್ಲಿ," ಎಂದೆ. ಅವರು ಮೊಸರನ್ನಕ್ಕೆ ಕೈ ಹಾಕಿದರು. ಜಪಾನಿನ ಹಾಗಲಕಾಯಿಯ ಮೇಲೆ ಅಪವಾದ ಹೊರಿಸಿ ನಾನು ಗೆದ್ದೆ.

ಹನ್ನೆರಡು ದಿನ ಕಳೆದು ಬಿಯರ್ ತಯಾರಾದಾಗ ರುಚಿ ನೋಡಬೇಕಾದ ಮನುಷ್ಯ ಸಮ್ಮೇಳನಕ್ಕೆಂದು ಕೋಬೆಗೆ ಹೋಗಿದ್ದರು. ಕಾಯಬಹುದಿತ್ತು. ಕಾಯುವ ಸ್ವಭಾವ ನನ್ನದಲ್ಲ. ಗುರುವಾರ ಮಧ್ಯಾಹ್ನ ಚಾಲಕರು ಡ್ಯೂಟಿಗೆ ಹೊರಡುವ ಹೊತ್ತಿಗೆ ಎರಡು ಬಾಟಲಿ ಹಿಡಿದು ಕೆಳಗಿಳಿದೆ. ಒಂದು ಪರ್ಸೆಂಟ್ ಕೂಡ ಇಲ್ಲ, ಲೆಕ್ಕ ಹಾಕಿದ್ದೇನೆ, ಧೈರ್ಯವಾಗಿ ಕುಡಿಯಿರಿ ಎಂದು ಭಾಷಣ ಮಾಡಿದೆ. ಅಷ್ಟಿದ್ದರೂ ಯಂತ್ರಕ್ಕೆ ತಿಳಿಯಬಾರದೆಂದು, ಕುಡಿದು ಎರಡು ಗಂಟೆ ಬಿಟ್ಟು ಹೋಗಿ ಎಂದೂ ಸೇರಿಸಿದೆ. ಅವರು ಎರಡೂ ಕೈಯಲ್ಲಿ ಬಾಟಲಿಗಳನ್ನು ತೆಗೆದುಕೊಂಡರು.

"ಹಾಗಾದರೆ ನಾಳೆ ಬೆಳಿಗ್ಗೆ ತಿಂಡಿ ಜೊತೆ ಕುಡಿಯುತ್ತೇನೆ. ಬಿಯರ್ ಕುಡಿದು ಬಸ್ ಓಡಿಸೋಕೆ ಹೋಗೋದು. ಈ ಜನ್ಮದಲ್ಲಿ ಹೀಗೊಂದು ದಿನ ಬರುತ್ತೆ ಅಂದುಕೊಂಡಿರಲಿಲ್ಲ," ಎಂದು ಮಕ್ಕಳ ಹಾಗೆ ನಕ್ಕು, ಬಾಟಲಿಗಳನ್ನು ಒಳಗಿಟ್ಟು ಬಂದು ಸೈಕಲ್ ಹತ್ತಿದರು.

ಸಂಜೆ ಏಳಕ್ಕೆ ನನ್ನವರು ಕೋಬೆಯಿಂದ ಬಂದರು. ಉಳಿದಿದ್ದ ಬಾಟಲಿ ತೆರೆದರೆ ಟಪ್ ಎಂದು ಮುಚ್ಚಳ ಹಾರಿ ನೊರೆ ಉಕ್ಕಿತು. ಒಂದು ಗುಟುಕು ಕುಡಿದು ಲೋಟವನ್ನು ದೀಪಕ್ಕೆ ಹಿಡಿದರು.

"ಇದಕ್ಕೆ ಬೆಲ್ಲ ಹಾಕಿದ್ಯಾ?"

"ಬಿಯರ್‌ಗೆ ಯಾರ್ರೀ ಬೆಲ್ಲ ಹಾಕ್ತಾರೆ?"

"ಇಲ್ಲ ಕಣೆ, ಚೆನ್ನಾಗಿದೆ. ಆದ್ರೆ ಪಕ್ಕಾ ಬೆಲ್ಲದ ಸ್ಮೆಲ್. ಮತ್ತೆ ಇದು ಸ್ವಲ್ಪ ಸ್ಟ್ರಾಂಗೂ ಇದೆ."

ನನಗೆ ಗೊಜ್ಜು ನೆನಪಾಯಿತು. ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು ಎನ್ನುತ್ತಾರಲ್ಲ, ಜಪಾನಿನಲ್ಲಿದ್ದು ನಾನು ಆ ಮಾತನ್ನು ಸುಲಭವಾಗಿ ಬಳಸುವವಳಲ್ಲ. ಅವತ್ತು ಹಾಗೆಯೇ ಆಯಿತು. ಅಚ್ಚು ಬೆಲ್ಲ ಬಿದ್ದದ್ದು ಪಕ್ಕದ ಪಾತ್ರೆಗೆ. ಮೂರು ಲೀಟರಿಗೆ ಒಂದು ಅಚ್ಚು. ಹೈಡ್ರೋಮೀಟರ್ ನೋಡಿದ್ದು ಅದಕ್ಕೂ ಮುಂಚೆ. ನನ್ನವರು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. ಎರಡು ಪರ್ಸೆಂಟಿನ ಹತ್ತಿರ.

"ಅವ್ರು ನಾಳೆ ಬೆಳಿಗ್ಗೆ ಕುಡ್ದು ಡ್ಯೂಟಿಗೆ ಹೋಗ್ತಾರಂತೆ ರೀ," ಎಂದೆ. ಪೊಲೀಸು, ವೀಸಾ, ಯಾವುದೂ ಆಗ ತಲೆಗೆ ಬರಲಿಲ್ಲ. ಇಪ್ಪತ್ತೈದು ವರ್ಷ ಸೊನ್ನೆ ಊದಿದ ಮನುಷ್ಯ, ನಿವೃತ್ತಿಗೆ ಎರಡು ವರ್ಷ ಇರುವಾಗ, ಮೇಲ್ಮನೆಯವಳ ಮಾತು ನಂಬಿ ಕೆಲಸ ಕಳೆದುಕೊಳ್ಳುವುದು ಮಾತ್ರ ಕಣ್ಣೆದುರಿಗಿತ್ತು.

ಅವರ ಫೋನ್ ನಂಬರ್ ನಮ್ಮಲ್ಲಿರಲಿಲ್ಲ. ಇಷ್ಟು ವರ್ಷ ನೆರೆಯಲ್ಲಿದ್ದೂ ಕೇಳಿರಲಿಲ್ಲ. ಡಿಪೋಗೆ ಫೋನ್ ಮಾಡಿ ಅವರ ಹೆಸರಿನ ಜೊತೆ ಆಲ್ಕೋಹಾಲ್ ಎಂಬ ಮಾತು ಆಡಿದರೆ ನಾವೇ ಅವರ ಕತ್ತು ಕೊಯ್ದ ಹಾಗೆ. ನನ್ನ ಬರವಣಿಗೆಯ ಜಪಾನಿಯನ್ನು ನಂಬಲಾಗದೆ ಮಗಳಿಗೆ ಚೀಟಿ ಬರೆಯಲು ಹೇಳಿದೆ. ಅವಳು ವಿಷಯ ಕೇಳಿ, "ಯಾಬಾಯ್, ಅಮ್ಮ," ಎಂದಳು. ಕೆಟ್ಟಿತು ಕೆಲಸ ಎಂದರ್ಥ. ಆಮೇಲೆ ನಾಲಿಗೆ ಕಚ್ಚಿಕೊಂಡು ದುಂಡಗೆ ಬರೆದಳು. ದಯವಿಟ್ಟು ಬಿಯರ್ ಕುಡಿಯಬೇಡಿ. ಅದರಲ್ಲಿ ಆಲ್ಕೋಹಾಲ್ ಇದೆ. ಅಮ್ಮ ತಪ್ಪು ಮಾಡಿದ್ದಾಳೆ. ಕೆಳಗೊಂದು ಬಸ್ಸಿನ ಚಿತ್ರ. ಚೀಟಿಯನ್ನು ಅವರ ಬಾಗಿಲಿನ ಅಂಚೆ ಕಿಂಡಿಯೊಳಗೆ ತಳ್ಳಿದೆ. ಒಳಗೆ ಬಿದ್ದ ಸದ್ದು ಕೇಳಿದ ಮೇಲೆ ಹೊಳೆಯಿತು, ಬಾಗಿಲಿಗೆ ಅಂಟಿಸಬೇಕಿತ್ತು ಎಂದು. ಒಳಗಿನ ಡಬ್ಬಿಯನ್ನು ದಿನವೂ ಯಾರು ತೆರೆಯುತ್ತಾರೆ?

ನಿದ್ದೆಯ ಮಾತು ಬಿಡಿ. ತಡರಾತ್ರಿ ಅವರ ಸೈಕಲ್ ಬಂದ ಸದ್ದು ಕೇಳಿದರೂ, ಹೇಗೂ ಕುಡಿಯುವುದು ಬೆಳಿಗ್ಗೆ ಎಂದು, ಆ ಹೊತ್ತಿನಲ್ಲಿ ಬಾಗಿಲು ತಟ್ಟಲು ಸಂಕೋಚಪಟ್ಟೆ. ಬೆಳಿಗ್ಗೆ ಏಳಕ್ಕೆ ಕೆಳಗಿಳಿದು ಬೆಲ್ ಒತ್ತಿದೆ. ಉತ್ತರವಿಲ್ಲ. ತಿರುಗಿ ನೋಡಿದರೆ ಸೈಕಲ್ ಇಲ್ಲ. ಹನ್ನೆರಡಕ್ಕೆ ಹೊರಡುವವರು ಅಂದು ನಸುಕಿಗೇ ಹೋಗಿದ್ದಾರೆ. ತಿಂಡಿ ತಿಂದು ಹೋದರೋ, ತಿನ್ನದೆ ಹೋದರೋ. ಚೀಟಿ ನೋಡಿದರೋ ಇಲ್ಲವೋ. ಕುಡಿದ ಕೂಡಲೇ ಹೊರಟಿದ್ದರೆ ಆ ಎರಡು ಗಂಟೆಯೂ ಸಿಕ್ಕಿರುವುದಿಲ್ಲ.

ತಿಳಿದುಕೊಳ್ಳಲು ನನಗೆ ಕಂಡದ್ದು ಒಂದೇ ದಾರಿ. ಸ್ಟೇಷನ್ನಿಗೆ ಹೋಗುವ ಬಸ್ಸು ನಮ್ಮ ಬೀದಿಯ ಕೊನೆಯಲ್ಲಿ ನಿಲ್ಲುತ್ತದೆ, ಅವರು ಓಡಿಸುವುದು ಅದೇ ದಾರಿ. ಮಗಳನ್ನು ಶಾಲೆಗೆ ಕಳಿಸುವ ಕೆಲಸ ನನ್ನವರಿಗೆ ಒಪ್ಪಿಸಿ, ಮನೆಯ ಚಪ್ಪಲಿಯಲ್ಲೇ ಹೋಗಿ ನಿಂತೆ. ಮೊದಲನೆಯ ಬಸ್ಸಿನಲ್ಲಿ ಒಬ್ಬ ಹುಡುಗ. ಎರಡನೆಯದರಲ್ಲಿ ಹೆಂಗಸು. ಮೂರನೆಯದರಲ್ಲಿ ಕನ್ನಡಕದವರು, ನಾನು ಹತ್ತುತ್ತೇನೆಂದು ಬಾಗಿಲು ತೆರೆದು ಕಾದರು. ಸುಮಿಮಾಸೆನ್ ಎಂದು ಬಗ್ಗಿದೆ. ಅಷ್ಟು ಹೊತ್ತಿಗೆ ಕಾರ್ಮಿಕ ಕಚೇರಿಯಲ್ಲಿ ಅವರ ಪರವಾಗಿ ಏನು ಸಾಕ್ಷಿ ಹೇಳಬೇಕು ಎಂದು ಜಪಾನಿಯಲ್ಲಿ ವಾಕ್ಯ ಜೋಡಿಸಲು ಶುರು ಮಾಡಿದ್ದೆ. ಬೆಲ್ಲಕ್ಕೆ ಏನೆನ್ನುತ್ತಾರೆ ಎಂದು ಹೊಳೆಯದೆ ಅಳು ಬಂತು.

ಐದನೆಯ ಬಸ್ಸಿನಲ್ಲಿ ಅವರಿದ್ದರು. ಬಿಳಿ ಕೈಗವಸು, ನೆಟ್ಟಗಿನ ಟೋಪಿ, ಎಂದಿನ ಮುಖ. ಊದಿದ್ದಾರೆ, ಸೊನ್ನೆ ಬಂದಿದೆ, ಕೀಲಿ ಸಿಕ್ಕಿದೆ. ಹೋದ ಜೀವ ಬಂದ ಹಾಗಾಯಿತು. ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಆದರೂ ಹತ್ತಿದೆ. ಮೈಕಿನಲ್ಲಿ ಎಲ್ಲರಿಗೂ ಹೇಳುವ ದನಿಯಲ್ಲೇ ನನಗೂ ಶುಭೋದಯ ಹೇಳಿದರು. ಡ್ಯೂಟಿಯಲ್ಲಿ ಅವರು ಮಾತಾಡುವುದಿಲ್ಲವೆಂದು ಗೊತ್ತಿತ್ತು. ಅವರ ಹಿಂದಿನ ಸೀಟಿನಲ್ಲಿ ಕೂತು ಸ್ಟೇಷನ್ನಿನ ತನಕ ಹೋದೆ. ಪ್ರತಿ ತಿರುವಿನಲ್ಲೂ ಎಡಕ್ಕೆ ತಿರುಗುತ್ತೇವೆ, ಬಲಕ್ಕೆ ತಿರುಗುತ್ತೇವೆ ಎಂದು ಅವರು ಎಚ್ಚರಿಸುತ್ತಿದ್ದರು. ಅಂಥ ಸುಖದ ಪ್ರಯಾಣ ನಾನು ಜಪಾನಿನಲ್ಲಿ ಮತ್ತೆ ಮಾಡಿಲ್ಲ.

ಸಂಜೆ ಆರಕ್ಕೆ ಅವರೇ ಮೇಲೆ ಬಂದರು. ಒಂದು ಕೈಯಲ್ಲಿ ಮಗಳ ಚೀಟಿ, ಇನ್ನೊಂದರಲ್ಲಿ ಬಟ್ಟೆಯಲ್ಲಿ ಕಟ್ಟಿದ ಎರಡು ಬಾಟಲಿ. ಮುಚ್ಚಳ ತೆರೆದಿರಲಿಲ್ಲ. ಜೊತೆಯ ಚಾಲಕರೊಬ್ಬರಿಗೆ ಹುಷಾರಿಲ್ಲವೆಂದು ನಸುಕಿಗೇ ಕರೆ ಬಂದಿತ್ತಂತೆ. ಚೀಟಿ ನೋಡಿದ್ದು ಈಗ, ಮನೆಗೆ ಬಂದ ಮೇಲೆ. ನಾನು ನೆಲ ಮುಟ್ಟುವಷ್ಟು ಬಗ್ಗಿ ಕ್ಷಮೆ ಕೇಳಿದೆ. ಬೆಲ್ಲದ ಕತೆಯನ್ನೂ ಹೇಳಿದೆ.

"ಹೊತ್ತು ಇದ್ದಿದ್ದರೂ ಇವತ್ತು ಬೆಳಿಗ್ಗೆ ಕುಡೀತಿರಲಿಲ್ಲ, ಓಕುಸಾನ್," ಎಂದರು. "ಯಾರಾದರೂ ಏನಾದರೂ ಕೊಟ್ಟರೆ ಮೊದಲು ಅವಳ ಮುಂದೆ ಇಡುತ್ತೇನೆ. ನಿನ್ನೆ ನಿಮಗೆ ಕುಡಿಯುತ್ತೇನೆ ಅಂದೆ. ಒಳಗೆ ಹೋಗಿ ಇಟ್ಟ ಮೇಲೆ, ಇದು ಪೂರ್ತಿ ಒಂದು ದಿನ ಅವಳ ಹತ್ತಿರವೇ ಇರಲಿ ಅನ್ನಿಸಿತು."

ಅವರ ಮನೆಯಲ್ಲಿ ತೀರಿಕೊಂಡವರಿಗೆಂದು ಒಂದು ಪುಟ್ಟ ಮರದ ಗೂಡಿದೆ, ಒಳಗೆ ಆಕೆಯ ಫೋಟೋ. ನಾನೂ ಅಲ್ಲಿ ಊದುಬತ್ತಿ ಹಚ್ಚಿದ್ದೇನೆ.

"ಅವಳಿಗೆ ಬಿಯರ್ ಅಂದರೆ ಪ್ರಾಣ," ಎಂದರು. "ನನಗಿಂತ ಅವಳೇ ಜಾಸ್ತಿ ಕುಡಿಯೋಳು. ನಾನು ಬಸ್ಸಿಗೆ ಸೇರಿದ ದಿನ, ನನಗೂ ಈಗ ಸೇರೋದಿಲ್ಲ ಅಂತ ಬಿಟ್ಟುಬಿಟ್ಟಳು. ಮನೆಯೊಳಗೇ ತರಲಿಲ್ಲ. ಹೋದ ಮೇಲಾದರೂ ಒಂದು ಕ್ಯಾನ್ ಇಡೋಣ ಅಂದರೆ, ಇಟ್ಟಿದ್ದನ್ನು ಆಮೇಲೆ ಮನೆಯವರು ತೆಗೆದುಕೊಳ್ಳಬೇಕು, ಚೆಲ್ಲುವ ಹಾಗಿಲ್ಲ. ನಾನು ಕುಡಿಯುವ ಹಾಗಿಲ್ಲ. ಇಷ್ಟು ವರ್ಷ ಅವಳಿಗೆ ಬರೀ ಟೀ ಇಟ್ಟೆ. ನೀವು ಆಲ್ಕೋಹಾಲ್ ಇಲ್ಲ ಅಂದಿದ್ದಕ್ಕೆ ಧೈರ್ಯ ಬಂತು." ಕೈಯಲ್ಲಿದ್ದ ಬಾಟಲಿಗಳತ್ತ ನೋಡಿ ಹೇಳಿದರು. "ನೋಡಿದರೆ ಅವಳಿಗೆ ಸಿಕ್ಕಿದ್ದು ನಿಜವಾದ್ದೇ."

ಬಾಟಲಿಗಳನ್ನು ನನ್ನ ಮುಂದೆ ಇಟ್ಟು, ಇದನ್ನೇನು ಮಾಡಬೇಕೋ ತನಗೆ ತಿಳಿಯದು ಎಂದರು. ಮರುದಿನವೂ ಅವರಿಗೆ ಡ್ಯೂಟಿ. ಕಾನೂನಿನ ಪ್ರಕಾರ ಸಿಂಕಿಗೆ ಸುರಿಯುವುದೇ ಸರಿ ಎಂದು ನನಗೆ ಗೊತ್ತಿತ್ತು. ನನ್ನವರು ನನ್ನ ಮುಖ ನೋಡಿದರು, ಬೇಕಾದರೆ ನಾನು ಕುಡಿಯುತ್ತೇನೆ ಎಂಬಂತೆ ಕೈ ಚಾಚಿದರು. ನಾನು ಬೇಡವೆಂದೆ. ಆಕೆ ಕೈ ಹಿಡಿದು ಮೆಟ್ಟಿಲು ಇಳಿಸಿದ್ದು ನನ್ನನ್ನು.

ಅಡುಗೆಮನೆಯಿಂದ ಒಂದು ಲೋಟ ತಂದೆ. ಮುಚ್ಚಳ ತೆಗೆದು, ಅರ್ಧ ಲೋಟ ಬಗ್ಗಿಸಿ, ಬಲಗೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ಕುಡಿದೆ. ಮೊದಲು ಕಹಿ, ಆಮೇಲೆ ಬೆಲ್ಲ. ಮೂಗಿಗೆ ನೊರೆ ಹತ್ತಿ ಕೆಮ್ಮು ಬಂತು, ಕಣ್ಣಲ್ಲಿ ನೀರೂ ಬಂತು, ಅದು ಕೆಮ್ಮಿನದಷ್ಟೇ ಅಲ್ಲ. ಚಾಲಕರು ಮಂಡಿಯೂರಿ ಕೂತು ಲೋಟ ಖಾಲಿಯಾಗುವ ತನಕ ನೋಡುತ್ತಿದ್ದರು.

"ಹೇಗಿದೆ?" ಎಂದು ಕೇಳಿದರು.

ಚೆನ್ನಾಗಿದೆ ಎಂದೆ.